ಸಂಘದ ಮಾತು ಯಾರ ಬಾಯಲ್ಲಿರಬೇಕು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ. ಕಬ್ಬು ಬೆಳೆಯೋದು, ಆಲೆಮನೆ ನಡೆಸೋದು ಗೊತ್ತು. ಕಂಪ್ಯೂಟರ್ ಪಂಡಿತ ಅಲ್ಲ. ಆದರೂ ಈ ವಿಷಯ ನೀವೇ ಮಾತಾಡಬೇಕು ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ವಿಷಯ ಏನಪ್ಪ ಅಂದರೆ, ಸಂಘದ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡಿಕೊಳ್ಳೋಕೆ ನಾವು ಎಂಥವರನ್ನು ನೇಮಿಸಬೇಕು ಅನ್ನೋದು.

ಕಳೆದ ಸರ್ವ ಸದಸ್ಯರ ಸಭೆಯಲ್ಲಿ ತಾವೆಲ್ಲ ಒಂದು ತೀರ್ಮಾನ ಮಾಡಿದ್ದೀರಿ. ನಮ್ಮ ಸದಸ್ಯರ ಬೆಲ್ಲವನ್ನೆಲ್ಲ ಮಂಡ್ಯದ ಮಾರುಕಟ್ಟೆಗೇ ಸುರಿಯದೆ, ಒಂದು ಪಾಲನ್ನು ಸಂಘದ ಹೆಸರಲ್ಲೇ ಪೊಟ್ಟಣ ಕಟ್ಟಿ ಬೆಂಗಳೂರು, ಮೈಸೂರಿನ ಮನೆಗಳಿಗೆ ನೇರವಾಗಿ ಕಳಿಸೋದು ಅಂತ. ಬಹಳ ಒಳ್ಳೆ ತೀರ್ಮಾನ. ಆದರೆ ಕೊಳ್ಳುವವರು ನಮ್ಮನ್ನು ಎಲ್ಲಿ ನೋಡ್ತಾರೆ? ಮೊಬೈಲ್‌ನಲ್ಲಿ ನೋಡ್ತಾರೆ.

ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ ಊರವರಿಗೆ ಊರವರ ಮುಖ ಗೊತ್ತಿತ್ತು. ನಂಬಿಕೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇವತ್ತು ಜಯನಗರದಲ್ಲಿ ಕೂತು ಎರಡು ಕೆ.ಜಿ. ಬೆಲ್ಲ ತರಿಸುವ ತಾಯಿಗೆ ನಮ್ಮ ಅಧ್ಯಕ್ಷರೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಆಕೆಯ ಮೆಸೇಜಿಗೆ ಯಾರು ಉತ್ತರ ಕೊಡ್ತಾರೋ ಅವರೇ ಆಕೆಗೆ ನಮ್ಮ ಸಂಘ. ಅದಕ್ಕೇ ಇದು "ಯಾರೋ ಒಬ್ಬ ಹುಡುಗ ಫೋಟೋ ಹಾಕ್ತಾನೆ ಬಿಡಿ" ಅನ್ನೋ ಕೆಲಸ ಅಲ್ಲ. ಗೋದಾಮಿನ ಬೀಗದ ಕೈ ಯಾರ ಕೈಲಿರಬೇಕು ಅಂತ ಎಷ್ಟು ಯೋಚನೆ ಮಾಡ್ತೀವೋ ಅಷ್ಟೇ ಯೋಚನೆ ಇದಕ್ಕೂ ಬೇಕು.

ಒಂದು ಸಾಲಿನ ಬೆಲೆ ಎಷ್ಟು ಅನ್ನೋದಕ್ಕೆ ಒಂದು ಉದಾಹರಣೆ. ಗುಜರಾತಿನ ಅಮುಲ್ ನಮ್ಮ ಹಾಗೇ ಸಹಕಾರಿ ಸಂಸ್ಥೆ. ಬೆಂಗಳೂರಿಗೆ ತಮ್ಮ ಹಾಲು, ಮೊಸರು ಬರ್ತಾ ಇದೆ ಅಂತ ಅವರು 2023ರ ಏಪ್ರಿಲ್ 5ರಂದು ಟ್ವಿಟರ್‌ನಲ್ಲಿ ಒಂದು ಪ್ರಕಟಣೆ ಹಾಕಿದರು. ಮೇ 10ಕ್ಕೆ ನಮ್ಮ ವಿಧಾನಸಭಾ ಚುನಾವಣೆ ಇತ್ತು. ನಂದಿನಿ ಉಳಿಸಿ ಅನ್ನೋ ಕೂಗು ರಾಜ್ಯದ ತುಂಬ ಎದ್ದಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘದವರು ನಾವು ನಂದಿನಿಯನ್ನೇ ಬಳಸ್ತೀವಿ ಅಂತ ಹೇಳಿಕೆ ಕೊಟ್ಟರು. ಅದರಲ್ಲಿ ಯಾರದು ಸರಿ, ಯಾರದು ತಪ್ಪು ಅನ್ನೋ ಚರ್ಚೆ ಇಲ್ಲಿ ಬೇಡ. ಕಾಲ, ಸ್ಥಳ ನೋಡಿ ಮಾತಾಡೋದು ಎಷ್ಟು ದೊಡ್ಡ ವಿದ್ಯೆ ಅನ್ನೋದನ್ನ ಮಾತ್ರ ಗಮನಿಸಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಎಂಥವರು ಬೇಕು?

ಮೊದಲನೆಯದಾಗಿ, ಬೆಲ್ಲ ಗೊತ್ತಿರಬೇಕು. ಕೊಪ್ಪರಿಗೆ ಮುಂದೆ ನಿಂತು ನೋಡಿರಬೇಕು. ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಹೊಳೆಯುತ್ತೆ, ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆ ತೆಗೆದ ಬೆಲ್ಲ ಕಂದು ಬಣ್ಣಕ್ಕೆ ಇರುತ್ತೆ. ಪಟ್ಟಣದವರು ಹೊಳಪನ್ನೇ ಒಳ್ಳೇದು ಅಂತ ತಿಳಿದಿರ್ತಾರೆ. "ನಿಮ್ಮ ಬೆಲ್ಲ ಯಾಕೆ ಕಪ್ಪಗಿದೆ?" ಅಂತ ಕೇಳಿದಾಗ ಅವರಿಗೆ ಅರ್ಥವಾಗೋ ಹಾಗೆ ಬಿಡಿಸಿ ಹೇಳೋಕೆ ಬರಬೇಕು. ಅಚ್ಚು ಬೆಲ್ಲ ಯಾವುದು, ಬಕೆಟ್ ಬೆಲ್ಲ ಯಾವುದು ಅಂತ ತಿಳಿಯದವರು ಎಷ್ಟು ಚೆನ್ನಾಗಿ ವಿಡಿಯೋ ಮಾಡಿದರೂ ಪ್ರಯೋಜನ ಇಲ್ಲ. ವಿಡಿಯೋ ಮಾಡೋದನ್ನ ಒಂದು ತಿಂಗಳಲ್ಲಿ ಕಲಿಯಬಹುದು.

ಎರಡನೆಯದು, ಸತ್ಯ ಹೇಳುವವರಾಗಿರಬೇಕು. "ನಮ್ಮ ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತೆ" ಅಂತ ಬರೆದರೆ ಸಾವಿರ ಜನ ನೋಡ್ತಾರೆ, ನಿಜ. ಆದರೆ ಅದು ಸುಳ್ಳು. ಬೆಲ್ಲ ತಿಂದರೂ ರಕ್ತದಲ್ಲಿ ಸಕ್ಕರೆ ಏರುತ್ತೆ. ಅದನ್ನ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆ ಪಾಪ ಯಾರಿಗೆ? ಇಂಥ ಕಾಯಿಲೆ ವಾಸಿಯಾಗುತ್ತೆ ಅಂತ ಜಾಹೀರಾತು ಕೊಡೋದನ್ನ ತಡೆಯೋಕೆ ಕೇಂದ್ರ ಸರ್ಕಾರದ ಕಾನೂನು 1954ರಲ್ಲೇ ಬಂದಿದೆ. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಆಹಾರ ಪದಾರ್ಥದ ಜಾಹೀರಾತಿಗೆ 2018ರ ನಿಯಮಗಳು ಬೇರೆ ಇವೆ. ಬರೆದವನು ನಾಳೆ ಕೆಲಸ ಬಿಟ್ಟು ಹೋಗಬಹುದು, ನೋಟೀಸು ಬರೋದು ಸಂಘಕ್ಕೆ.

ಮೂರನೆಯದು ತಾಳ್ಮೆ. ಮಳೆಗಾಲದಲ್ಲಿ ಬೆಲ್ಲ ಮೆತ್ತಗಾಗಿ ನೀರು ಬಿಡುತ್ತೆ. ದುಡ್ಡು ಕೊಟ್ಟವರು ಬೈದೇ ಬೈತಾರೆ. ಬೈದವರಿಗೆ ತಿರುಗಿ ಬೈಯೋನು, ಅಥವಾ ಉತ್ತರವೇ ಕೊಡದೆ ಅವರ ಮಾತನ್ನ ಅಳಿಸಿ ಹಾಕೋನು, ಇಬ್ಬರೂ ನಮಗೆ ಬೇಡ.

"ಇಂಥ ಹುಡುಗನಿಗೆ ಐವತ್ತು ಸಾವಿರ ಜನ ಫಾಲೋವರ್ಸ್ ಇದ್ದಾರೆ, ಅವನನ್ನೇ ಇಟ್ಟುಕೊಳ್ಳೋಣ" ಅಂತ ಕೆಲವರು ಹೇಳ್ತಾರೆ. ಇರಲಿ, ಸಂತೋಷ. ಆದರೆ ಆ ಜನ ಅವನ ಕುಣಿತ ನೋಡೋಕೆ ಬಂದವರೋ, ಬೆಲ್ಲ ಕೊಳ್ಳೋಕೆ ಬಂದವರೋ? ಜಾತ್ರೆಯಲ್ಲಿ ಸೇರಿದ ಜನರೆಲ್ಲ ಅಂಗಡಿಗೆ ಗಿರಾಕಿಗಳಲ್ಲ. ಒಮ್ಮೆ ಕೊಂಡವರಲ್ಲಿ ಎಷ್ಟು ಜನ ಎರಡನೇ ಸಲ ತರಿಸಿಕೊಂಡರು ಅನ್ನೋದೇ ನಮಗೆ ಮುಖ್ಯವಾದ ಲೆಕ್ಕ.

ಆಯ್ಕೆಗೆ ನನ್ನದೊಂದು ಸಲಹೆ. ಅರ್ಜಿ ಕರೆಯೋಣ, ಸಣ್ಣದೊಂದು ಪರೀಕ್ಷೆ ಇಡೋಣ. ಆಲೆಮನೆಗೆ ಕರೆದುಕೊಂಡು ಹೋಗಿ ಒಂದು ಗಂಟೆ ಬಿಡೋದು. ಆಮೇಲೆ ಮೂರು ಕೆಲಸ ಕೊಡೋದು. ಒಂದು, ಅಲ್ಲಿ ಕಂಡದ್ದನ್ನ ನಮ್ಮ ಅಜ್ಜಿಗೂ ತಿಳಿಯೋ ಕನ್ನಡದಲ್ಲಿ ಐದು ಸಾಲು ಬರೆಯಲಿ. ಎರಡು, ಬಣ್ಣ ತಿದ್ದದೆ ನಾಲ್ಕು ಫೋಟೋ ತೆಗೆಯಲಿ. ಮೂರು, "ಬೆಲ್ಲ ನೀರಾಗಿ ಬಂದಿದೆ, ನೀವು ಮೋಸಗಾರರು" ಅಂತ ಒಂದು ದೂರು ಕೊಟ್ಟು ಅದಕ್ಕೆ ಉತ್ತರ ಬರೆಸೋದು. ತೊಂದರೆಗೆ ವಿಷಾದ ಹೇಳಿ, ಪೊಟ್ಟಣದ ಫೋಟೋ ಮತ್ತು ದಿನಾಂಕ ಕೇಳಿ, ಸಂಘದ ನಿಯಮದಂತೆ ಬದಲಿ ಕೊಡುವ ಬಗ್ಗೆ ಇಂಥ ದಿನದೊಳಗೆ ತಿಳಿಸ್ತೀವಿ ಅಂತ ಯಾರು ಬರೀತಾರೋ ಅವರು ಅರ್ಧ ಪಾಸು. ನನ್ನ ಅಣ್ಣನ ಮಗ ಅರ್ಜಿ ಹಾಕಿದರೂ ಪರೀಕ್ಷೆ ಇದೇ. ಗೆದ್ದವರನ್ನ ಮೂರು ತಿಂಗಳು ಸಂಬಳ ಕೊಟ್ಟೇ ನೋಡೋಣ. "ನಮ್ಮೂರ ಹುಡುಗರು ಬಿಟ್ಟಿ ಮಾಡ್ತಾರೆ" ಅನ್ನೋದು ಬೇಡ. ಬಿಟ್ಟಿ ಕೆಲಸಕ್ಕೆ ಲೆಕ್ಕ ಕೇಳೋ ಹಾಗಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಸ್ತ್ರೀಶಕ್ತಿ ಗುಂಪಿನ ಲೆಕ್ಕ ಅಚ್ಚುಕಟ್ಟಾಗಿ ಬರೆಯೋ ಡಿಗ್ರಿ ಓದಿದ ಹೆಣ್ಣುಮಕ್ಕಳು ನಮ್ಮೂರಲ್ಲೇ ಇದ್ದಾರೆ. ಅವರು ಅರ್ಜಿ ಹಾಕಬೇಕು. ಸೊಸೆ ಮೊಬೈಲ್ ಹಿಡಿದಳು ಅಂತ ಮನೆಯವರು ಮುಖ ಸಿಂಡರಿಸಬಾರದು. ಆದರೆ ಅವರ ಸ್ವಂತ ನಂಬರನ್ನ ಯಾರಿಗೂ ಕೊಡಬಾರದು, ಸಂಜೆ ಆರರ ಮೇಲೆ ಉತ್ತರ ಕೊಡಬೇಕಾಗಿಲ್ಲ ಅಂತ ಸಂಘವೇ ನಿಯಮ ಮಾಡಬೇಕು.

ಇನ್ನು ಬೀಗದ ಕೈ ವಿಷಯ. ಪಕ್ಕದ ತಾಲ್ಲೂಕಿನ ಒಂದು ಸಂಘದಲ್ಲಿ ಒಬ್ಬ ಬುದ್ಧಿವಂತ ಹುಡುಗ ಸಂಘದ ಪೇಜನ್ನ ತನ್ನ ನಂಬರಿನಲ್ಲೇ ತೆರೆದಿದ್ದ. ಎರಡು ವರ್ಷ ಚೆನ್ನಾಗಿ ನಡೆಯಿತು. ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೊರಟು ಹೋದ, ಹಳೇ ಸಿಮ್ಮೂ ನಿಂತು ಹೋಯ್ತು. ಅವನೇನೂ ಕೆಟ್ಟವನಲ್ಲ. ಆದರೆ ಪೇಜು, ಗಿರಾಕಿಗಳ ಪಟ್ಟಿ, ಯಾವುದೂ ಸಂಘದ ಕೈಗೆ ಸಿಗಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದರು.

ನಮ್ಮಲ್ಲಿ ಹಾಗಾಗಬಾರದು. ಸಿಮ್ ಸಂಘದ ಹೆಸರಲ್ಲಿರಲಿ, ಇ-ಮೇಲ್ ಸಂಘದ್ದಿರಲಿ. ಫೋನು ಕಚೇರಿಯಲ್ಲೇ ಇರಲಿ. ವಾಟ್ಸಾಪ್‌ನ ಒಂದು ಖಾತೆಯನ್ನ ಇನ್ನೂ ನಾಲ್ಕು ಕಡೆ ಜೋಡಿಸಬಹುದು, ಕೆಲಸದವರು ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳಲಿ. ಫೇಸ್‌ಬುಕ್ ಪೇಜಿಗೆ ಕಾರ್ಯದರ್ಶಿಗಳೂ ಅಡ್ಮಿನ್ ಆಗಿರಲಿ. ಎರಡು ಹಂತದ ಪಿನ್ ಹಾಕಿ, ಅದನ್ನ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡೋಣ. ದುಡ್ಡು ಬರೋದು ಸಂಘದ ಖಾತೆಯ ಕ್ಯೂಆರ್ ಕೋಡಿಗೆ ಮಾತ್ರ, ಯಾರ ಸ್ವಂತ ನಂಬರಿಗೂ ಅಲ್ಲ. ಗಿರಾಕಿಗಳ ವಿಳಾಸ, ಫೋನ್ ನಂಬರು ಹೊರಗೆ ಹೋಗಬಾರದು. ಇನ್ನೊಂದು ಮಾತು ಎಲ್ಲ ಸದಸ್ಯರೂ ನೆನಪಿಡಿ: ದುಡ್ಡು ಪಡೆಯೋಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂತ ಯಾರಾದರೂ ಹೇಳಿದರೆ ಅವನು ಕಳ್ಳ. ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದು ನಮ್ಮ ನಿರ್ದೇಶಕರಿಗೇ ಹೇಳೋ ಮಾತು, ಬೇಸರ ಮಾಡಿಕೊಳ್ಳಬೇಡಿ. ಅಮುಲ್ ಹುಡುಗಿಯ ಚಿತ್ರದ ಜಾಹೀರಾತು 1966ರಿಂದ ನಡೆದು ಬಂದಿದೆ. ಅದನ್ನ ಬರೆಯುವವರಿಗೆ ಕುರಿಯನ್ ಅವರು ಸ್ವಾತಂತ್ರ್ಯ ಕೊಟ್ಟಿದ್ದರು. ನಾವು ಹನ್ನೊಂದು ಜನ ಹನ್ನೊಂದು ಮಾತು ಹೇಳಿ, ನನ್ನ ಫೋಟೋ ಹಾಕು, ನಮ್ಮ ಪಕ್ಷದ ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯ ಹಾಕು ಅಂದರೆ ಎಂಥ ಒಳ್ಳೆಯವರೂ ನಿಲ್ಲೋದಿಲ್ಲ. ಬೆಲ್ಲದ ಪೇಜಿನಲ್ಲಿ ಬೆಲ್ಲ ಇರಲಿ, ಬೆಳೆದ ರೈತರ ಮುಖ ಇರಲಿ, ರಾಜಕೀಯ ಬೇಡ. ಏನು ಹಾಕಬಹುದು, ಏನು ಹಾಕಬಾರದು ಅಂತ ಒಂದು ಪುಟದ ನಿರ್ಣಯ ಬರೆದು ಕೊಡೋಣ. ಕೇಳೋದಕ್ಕೆ ಕಾರ್ಯದರ್ಶಿ ಒಬ್ಬರೇ ಇರಲಿ. ತಿಂಗಳಿಗೊಮ್ಮೆ ಆಡಳಿತ ಮಂಡಳಿ ಸಭೆಯಲ್ಲಿ ಎಷ್ಟು ಆರ್ಡರ್ ಬಂತು, ಎಷ್ಟು ದೂರು ಬಂತು, ಎಷ್ಟು ತೀರಿತು ಅಂತ ಲೆಕ್ಕ ಕೇಳೋಣ.

ಬಂಧುಗಳೇ, ಇಪ್ಪತ್ತೈದು ವರ್ಷ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಂತು, ಗೊಬ್ಬರಕ್ಕೆ ಸರದಿಯಲ್ಲಿ ನಿಂತು ಈ ಸಂಘದ ಹೆಸರನ್ನ ಉಳಿಸಿದ್ದೀರಿ. ಆ ಹೆಸರಲ್ಲಿ ಮಾತಾಡೋ ಅಧಿಕಾರವನ್ನ ಒಬ್ಬರ ಕೈಗೆ ಕೊಡ್ತಾ ಇದ್ದೀವಿ. ನೋಡಿ ಕೊಡೋಣ, ಕೊಟ್ಟ ಮೇಲೆ ನಂಬೋಣ, ನಂಬಿದ ಮೇಲೂ ಲೆಕ್ಕ ಕೇಳೋಣ. ಸಹಕಾರ ಅಂದರೆ ಇದೇ ಅಲ್ಲವೇ?

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.