ಬಿಸಿಲೂ ಡೀಸೆಲೂ: ಬೀದರ್ ಸೀಮೆಯ ಕಟ್ಟಡಗಳಿಗೊಂದು ಲೆಕ್ಕ



1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗಿನಿಂದ ವಿದ್ಯುತ್ತಿಗಾಗಿ ತೆತ್ತ ಬೆಲೆಯನ್ನು ಮಲೆನಾಡು ಮರೆತಿಲ್ಲ. ಆದ್ದರಿಂದ ರಾಜ್ಯದ ಬಡಗಣ ತುದಿಯ ಬೀದರ್‌ನಲ್ಲಿ ವಿದ್ಯುತ್ತು ಹೇಗೆ ಬಳಕೆಯಾಗುತ್ತದೆ ಎಂಬುದು ಘಟ್ಟದ ಜನರಿಗೂ ಸಂಬಂಧಿಸಿದ ಸಂಗತಿಯೇ.

ಬೀದರ್ ನಗರದ ಬ್ರಿಮ್ಸ್, ಭಾಲ್ಕಿ ಮತ್ತು ಔರಾದ್‌ಗಳ ತಾಲೂಕು ಆಸ್ಪತ್ರೆ. ಇಂಥಲ್ಲಿ ವಿದ್ಯುತ್ತು ನಿಲ್ಲುವಂತಿಲ್ಲ. ಹೆರಿಗೆ ಕೋಣೆಗೆ ಬೆಳಕು ಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ತುರ್ತಿಗೆ ಡೀಸೆಲ್ ಜನರೇಟರ್ ಉಂಟು. ಆದರೆ ಒಂದು ಲೀಟರ್ ಡೀಸೆಲ್ ಕೊಡುವುದು ಸುಮಾರು 3 ಯೂನಿಟ್; ಉಗುಳುವುದು ಎರಡೂವರೆ ಕಿಲೋಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡ್. ಅದೇ ಸೀಮೆಯ ಬಿಸಿಲಿನಲ್ಲಿ, ಸುಮಾರು 100 ಚದರಡಿ ಛಾವಣಿಯ 1 ಕಿಲೋವ್ಯಾಟ್ ಸೌರಫಲಕವು ದಿನಕ್ಕೆ ಸರಾಸರಿ 4 ಯೂನಿಟ್ ನೀಡಬಲ್ಲದು.

ಹಾಗೆಂದು ಫಲಕ ಹಾಕಿದ ಮಾತ್ರಕ್ಕೆ ಕತ್ತಲೆ ನೀಗುವುದಿಲ್ಲ. ಬ್ಯಾಟರಿಯಿಲ್ಲದ ಸಾಮಾನ್ಯ ಛಾವಣಿ ಘಟಕವು ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ನ ಜೀವರಕ್ಷಣೆಗಾಗಿ ಇರುವ ಏರ್ಪಾಡು ಅದು. ಅದನ್ನು ಮತ್ತೆ ಎಚ್ಚರಿಸಲು ಬ್ಯಾಟರಿಯುಳ್ಳ ಇನ್ವರ್ಟರ್ ಬೇಕು, ಇಲ್ಲವೇ ಜನರೇಟರ್ ಚಾಲನೆಯಲ್ಲಿರಬೇಕು.

ಜನರೇಟರಿನೊಡನೆ ಜೋಡಿಸುವಾಗ ಒಂದು ನಿಯಮವನ್ನು ಮರೆಯಲಾಗದು. ಅದರ ಸಾಮರ್ಥ್ಯದ ಸುಮಾರು ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ಬಹುಕಾಲ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಉದಾಹರಣೆಗೆ, 40 ಕೆವಿಎ ಜನರೇಟರ್ ಕೊಡುವುದು ಸುಮಾರು 32 ಕಿಲೋವ್ಯಾಟ್. ಅದರ ಮೇಲೆ ಸುಮಾರು 10 ಕಿಲೋವ್ಯಾಟ್ ಹೊರೆ ಸದಾ ಇರಬೇಕು. ಕಟ್ಟಡದ ಹೊರೆ 20, ಬಿಸಿಲಿನಿಂದ 15 ಬಂದರೆ ಅದಕ್ಕೆ ಉಳಿಯುವುದು 5 ಮಾತ್ರ. ಆಗ ಸೌರವಿದ್ಯುತ್ತನ್ನು 10ಕ್ಕೆ ತಗ್ಗಿಸುವ ನಿಯಂತ್ರಕ ಬೇಕು. ಅದಿಲ್ಲದೆ ಹೊರೆ ಥಟ್ಟನೆ ಇಳಿದರೆ ವಿದ್ಯುತ್ತು ಜನರೇಟರಿಗೇ ಹಿಮ್ಮುಖವಾಗಿ ನುಗ್ಗೀತು. ಅಗತ್ಯಕ್ಕಿಂತ ದೊಡ್ಡ ಜನರೇಟರ್ ಭದ್ರತೆಯಲ್ಲ, ಬಿಸಿಲಿಗೆ ಅಡ್ಡಿ.

ಆದುದರಿಂದ ಖರೀದಿಗೆ ಮುಂಚೆ ಅಳತೆ ನಡೆಯಲಿ. ಮೊದಲು ಹೊರೆಯನ್ನು ತಗ್ಗಿಸಬೇಕು. ನಿಲ್ಲಲೇಬಾರದ ಉಪಕರಣಗಳಿಗೆ ಪ್ರತ್ಯೇಕ ವೈರಿಂಗ್ ಮಾಡಿ ಬ್ಯಾಟರಿಯ ಆಸರೆ ಕೊಡಬೇಕು. ನೀರಿನ ಪಂಪು ನಡುಹಗಲಲ್ಲೇ ಓಡಲಿ. ತುಂಬಿದ ಮೇಲ್ತೊಟ್ಟಿಯೂ ಕೂಡಿಟ್ಟ ಬಿಸಿಲೇ. ಮಳೆಗಾಲದ ಮೋಡಕ್ಕೆ, ದೀರ್ಘ ರಾತ್ರಿಗೆ ಮಾತ್ರ ಡೀಸೆಲ್.

ಬಹಮನಿ ಕಾಲದ ಬೀದರಿನಲ್ಲಿ ನೆಲದಡಿಯ ಸುರಂಗ ಬಾವಿಗಳು ಇಳಿಜಾರನ್ನೇ ನಂಬಿ ನೀರು ಹರಿಸಿದವು. ನೆಲ ಕೊಡುವುದನ್ನು ಮೊದಲು ಬಳಸು ಎಂಬ ಆ ವಿವೇಕವೇ ಇಂದಿನ ಛಾವಣಿಗೂ ಸಲ್ಲುತ್ತದೆ.