ಮೂರು ಗಜ ಬಟ್ಟೆ, ಹತ್ತು ನಿರಿಗೆ: ಮನೆಯಲ್ಲೇ ಒಂದು ಕಿಲ್ಟ್

ಕಿಲ್ಟ್ ಅಂದ ಕೂಡ್ಲೇ ನಮ್ಮ ಆಫೀಸುಗಳಲ್ಲಿ ಒಂದು ಜೋಕ್ ಬರುತ್ತೆ, "ಗಂಡಸರ ಲಂಗ" ಅಂತ. ಪಂಚೆ ಉಡುವ ಅಪ್ಪ, ಅಜ್ಜಂದಿರ ಮನೆಯಿಂದ ಬಂದವರು ನಾವು. ನಗೋ ಹಕ್ಕು ನಮಗಂತೂ ಇಲ್ಲ ಬಿಡಿ. ಆದ್ರೆ ಸ್ಕಾಟ್ಲೆಂಡಿಗೆ ಆನ್‌ಸೈಟ್ ಹೋದವರು, ಅಲ್ಲಿ ಸಹೋದ್ಯೋಗಿಯ ಮದುವೆಗೆ ಕರೆ ಬಂದವರು ಕೇಳೋ ಪ್ರಶ್ನೆ ಬೇರೆ: ದರ್ಜಿ ಹೊಲಿದ ಕಿಲ್ಟ್ ಅಷ್ಟು ದುಬಾರಿ, ಮನೇಲಿ ಹೊಲಿದ್ರೆ ಅದು ನಕಲಿ ಆಗಲ್ವಾ?

ಆಗಲ್ಲ. ಹಳೇ ಕಿಲ್ಟ್‌ನ ನಿರಿಗೆಗೆ ಹೊಲಿಗೆಯೇ ಇರಲಿಲ್ಲ. ಫೇಲೆ ಮೋರ್, ಅಂದ್ರೆ ದೊಡ್ಡ ಕಿಲ್ಟ್, ಒಂದು ಉದ್ದನೆಯ ಉಣ್ಣೆ ಬಟ್ಟೆ ಅಷ್ಟೇ. ನಿರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಕಟ್ಟೋದು, ಮೇಲಿನ ಭಾಗ ಹೆಗಲಿಗೆ. ರಾತ್ರಿ ಅದೇ ಹೊದಿಕೆ. 18ನೇ ಶತಮಾನದಲ್ಲಿ ಮೇಲಿನ ಭಾಗ ಬಿಟ್ಟು ಸೊಂಟದಿಂದ ಕೆಳಗಿನದು ಮಾತ್ರ ಉಳೀತು. ಆ ಶತಮಾನದ ಕೊನೆಗೆ ನಿರಿಗೆಗಳನ್ನ ಹೊಲಿದು ಕೂರಿಸಿದಾಗಲೂ ಬೇಕಾದದ್ದು ಸುಮಾರು ನಾಲ್ಕು ಗಜ. ಇವತ್ತಿನ ಎಂಟು ಗಜದ, ಒತ್ತೊತ್ತು ನಿರಿಗೆಯ ಭಾರೀ ಕಿಲ್ಟ್ ಆಮೇಲೆ ಬಂದದ್ದು.

ಮಧ್ಯದಲ್ಲಿ ಇನ್ನೊಂದು ನಡೀತು. ಕಲೋಡನ್ ಯುದ್ಧದಲ್ಲಿ ಜಾಕೊಬೈಟರು ಸೋತ ಮೇಲೆ 1746ರಲ್ಲಿ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಗಡೀಪಾರು. ರಾಜನ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಕಾನೂನು ರದ್ದಾಯ್ತು. 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ ರಾಜನೇ ಕಿಲ್ಟ್ ತೊಟ್ಟ. ದನ ಕಾಯೋರ ಬಟ್ಟೆ ದರ್ಬಾರಿನ ಪೋಷಾಕು ಆಯ್ತು. ಹಾಗಾಗಿ ಸರಳವಾದದ್ದು "ಕಡಿಮೆ ಅಸಲಿ" ಅನ್ನೋ ಮಾತನ್ನ ನಾನು ಒಪ್ಪಲ್ಲ.

ಈಗ ಲೆಕ್ಕ. ನನಗೆ ಇದೇ ಇಷ್ಟದ ಭಾಗ. ಪೃಷ್ಠದ ಸುತ್ತಳತೆ 40 ಇಂಚು ಅಂದ್ಕೊಳ್ಳಿ. ಮುಂದೆ ನಿರಿಗೆಯಿಲ್ಲದ ಸಪಾಟು ಹಾಳೆ 20 ಇಂಚು, ಅದರ ಒಳಗೆ ಇನ್ನೊಂದು ಹಾಳೆ 20. ಹಿಂದಿನ 20 ಇಂಚು ಪೂರ್ತಿ ನಿರಿಗೆ. ಬಾಕ್ಸ್ ಪ್ಲೀಟ್‌ಗೆ ಕಾಣುವ ಅಗಲದ ಮೂರು ಪಟ್ಟು ಬಟ್ಟೆ ಬೇಕು, ಅಂದ್ರೆ 60. ಎರಡು ತುದಿಗಳ ಮಡಿಕೆಗೆ 8. ಒಟ್ಟು 108 ಇಂಚು, ಸರಿಯಾಗಿ ಮೂರು ಗಜ.

ಅಂಗಡೀಲಿ ಮೂರು ಗಜ ಕೇಳಬೇಡಿ. ಸೂಟಿಂಗ್ ಬಟ್ಟೆ 54ರಿಂದ 58 ಇಂಚು ಅಗಲ ಇರುತ್ತೆ, ಕಿಲ್ಟ್‌ಗೆ ಸೊಂಟದಿಂದ ಮಂಡಿವರೆಗೆ ಸುಮಾರು 24 ಸಾಕು. ಒಂದೂವರೆ ಮೀಟರ್ ತಗೊಂಡು ಉದ್ದಕ್ಕೆ ಎರಡು ಸೀಳು ಮಾಡಿ ಜೋಡಿಸಿ. ಜೋಡಣೆ ನಿರಿಗೆಯ ಒಳಮಡಿಕೆಗೆ ಬರಬೇಕು, ಚೌಕಳಿಗೆ ಚೌಕಳಿ ಕೂಡಬೇಕು. ನೇಯ್ದ ಅಂಚು ಕೆಳಗೆ ಇಟ್ರೆ ಮಡಚಿ ಹೊಲಿಯೋ ಕೆಲಸವೇ ಇಲ್ಲ. (ನಮ್ಮ ಸೂಟಿಂಗ್‌ಗಳ ಅಂಚಲ್ಲಿ ಮಿಲ್ಲಿನ ಹೆಸರು ಇರುತ್ತಲ್ಲ, ಆಗ ಒಂದಿಂಚು ಒಳಗೆ ಮಡಚಲೇಬೇಕು.) ಉಣ್ಣೆ ಉತ್ತಮ, ದಪ್ಪ ಪಾಲಿ-ವಿಸ್ಕೋಸ್ ಪರವಾಗಿಲ್ಲ. ಶರ್ಟಿನ ಕಾಟನ್ ಬೇಡ, ನಿರಿಗೆ ನಿಲ್ಲಲ್ಲ.

ಚೌಕಳಿ ವಿನ್ಯಾಸ ಎಷ್ಟು ಇಂಚಿಗೊಮ್ಮೆ ಮರುಕಳಿಸುತ್ತೆ ಅಂತ ಅಳೀರಿ. 6 ಇಂಚಾದ್ರೆ ಅದೃಷ್ಟ: ಒಂದು ನಿರಿಗೆಗೆ 6 ಇಂಚು, ಹೊರಗೆ 2, ಎರಡೂ ಬದಿ ತಲಾ 2 ಹಿಂದಕ್ಕೆ ಮಡಿಕೆ. ಹತ್ತು ನಿರಿಗೆ, ಪ್ರತಿಯೊಂದರ ನಡುವೆ ಅದೇ ಗೆರೆ. ಸೈನ್ಯದ ಕಿಲ್ಟ್‌ಗಳಲ್ಲಿ ಕಾಣೋ ಸಾಲು ಗೆರೆ ಇದೇ ಲೆಕ್ಕದ್ದು. ವಿನ್ಯಾಸ ಬೇರೆ ಅಳತೆಯದಾದ್ರೆ ನಿರಿಗೆಯ ಸಂಖ್ಯೆ ಬದಲಾಗುತ್ತೆ, ತತ್ವ ಬದಲಾಗಲ್ಲ.

ಗುಂಡುಸೂಜಿ ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿ. ಆಮೇಲೆ ಸೊಂಟದಿಂದ ಸುಮಾರು 8 ಇಂಚು, ಅಂದ್ರೆ ಪೃಷ್ಠದವರೆಗೆ ಮಾತ್ರ, ನಿರಿಗೆಯ ಅಂಚನ್ನ ಪಕ್ಕದ ನಿರಿಗೆಗೆ ಕೈಹೊಲಿಗೆಯಲ್ಲಿ ಕೂರಿಸಿ. ಸೊಂಟ 35 ಇದ್ರೆ ಮೇಲ್ತುದಿಯಲ್ಲಿ ಪ್ರತಿ ನಿರಿಗೆ ಕಾಲಿಂಚು ಕಿರಿದಾಗಬೇಕು, 2ರಿಂದ ಒಂದೂಮುಕ್ಕಾಲು. ಮುಂದಿನ ಹಾಳೆಗಳೂ ಹಾಗೇ, ಮೇಲೆ ಹದಿನೇಳೂವರೆ. ಆತುರಪಟ್ಟರೆ ಸೊಂಟದಲ್ಲಿ ಚೀಲದ ಹಾಗೆ ಉಬ್ಬುತ್ತೆ. ಕೆಳಗೆ ನಿರಿಗೆ ಸ್ವತಂತ್ರ. ನಡೆದಾಗ ಬೀಸೋದು ಅದಕ್ಕೇ. ಕೊನೆಗೆ ಸೊಂಟಪಟ್ಟಿ, ಬಲಗಡೆ ಎರಡು ಬಕಲ್. ಒಳಹಾಳೆ ಎಡಕ್ಕೆ ಸುತ್ತುತ್ತೆ, ಹೊರಹಾಳೆ ಬಲಕ್ಕೆ. ಒಳಗಿನದಕ್ಕೆ ವೆಲ್ಕ್ರೋ ಹಾಕಿದ್ರೂ ಸರಿ, ಯಾರಿಗೂ ಕಾಣಲ್ಲ. ಕಿಲ್ಟ್ ಪಿನ್ ಹೊರಹಾಳೆಗೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದ್ರೆ ಕೂತಾಗ ಹರಿಯುತ್ತೆ.

ಯಾವ ಟಾರ್ಟನ್? ಇಂಥವರು ಇದನ್ನೇ ಹಾಕಬೇಕು ಅನ್ನೋ ಕಾನೂನಿಲ್ಲ. ಮನೆತನಕ್ಕೊಂದು ವಿನ್ಯಾಸ ಅನ್ನೋ ಪಟ್ಟಿಗಳು ಬಹುಪಾಲು 19ನೇ ಶತಮಾನದಲ್ಲಿ ಗಟ್ಟಿಯಾದವು. ಬ್ಲಾಕ್ ವಾಚ್‌ನ ಗಾಢ ನೀಲಿ-ಹಸಿರು ಯಾರು ಬೇಕಾದರೂ ಹಾಕ್ತಾರೆ. ಮದುವೆಗೆ ಹೋಗೋದಾದ್ರೆ ಮಾತ್ರ ಮದುಮಗನನ್ನ ಒಮ್ಮೆ ಕೇಳಿ, ಅವರ ಮನೆತನದ ಬಣ್ಣ ನೀವು ಹಾಕಿದರೆ ಅವರಿಗೆ ಖುಷಿನಾ, ಮುಜುಗರನಾ ಅಂತ. ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಕೇಳಿ.