ಕತ್ತಿಕಾಳಗ ನೋಡುವವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೇನು’ ಎಂಬ ವಿಷಯದ ಮೇಲೆ ನನಗಿಂತ ಚೆನ್ನಾಗಿ ಬಲ್ಲವರು ಬೆಳಿಗ್ಗೆಯೇ ಮಾತಾಡಿ ಆಗಿದೆ. ನಾನು ಬೇರೆ ಮಾತು ಎತ್ತಿಕೊಳ್ಳುತ್ತೇನೆ. ಮೊದಲು ಒಂದು ಪ್ರಶ್ನೆ. ‘ಸ್ಪಾರ್ಟಕಸ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ನೋಡಿದವರು ಕೈ ಎತ್ತಿ. (ಹಿಂದಿನ ಸಾಲುಗಳಲ್ಲಿ ಹತ್ತು ಹನ್ನೆರಡು ಕೈಗಳು ಎದ್ದವು. ನಗು.) ಸರಿ, ಇಳಿಸಿ. ಮೇಷ್ಟ್ರುಗಳು ಯಾರೂ ಹಿಂದಕ್ಕೆ ತಿರುಗಿ ನೋಡುವುದು ಬೇಡ.

ನೋಡದವರಿಗಾಗಿ ಹೇಳುತ್ತೇನೆ. ಅಮೆರಿಕದ ಸ್ಟಾರ್ಜ್ ಎಂಬ ಚಾನೆಲ್ 2010ರಿಂದ 2013ರವರೆಗೆ ತೋರಿಸಿದ ಧಾರಾವಾಹಿ ಅದು. ಹಳೆಯ ರೋಮ್ ಸಾಮ್ರಾಜ್ಯದಲ್ಲಿ ಗ್ಲಾಡಿಯೇಟರ್ ಎಂಬ ಕಾಳಗದ ಆಳುಗಳಿದ್ದರು. ಹೆಚ್ಚಿನವರು ಗುಲಾಮರು, ಯುದ್ಧದಲ್ಲಿ ಸೆರೆಸಿಕ್ಕವರು, ಶಿಕ್ಷೆಗೆ ಒಳಗಾದವರು. ಅವರನ್ನು ಕೊಂಡ ಯಜಮಾನ ಗರಡಿಯಂಥ ಒಂದು ಜಾಗದಲ್ಲಿ ಸಾಕಿ, ಪಳಗಿಸಿ, ಜನ ಸೇರಿದ ಅಖಾಡದಲ್ಲಿ ಒಬ್ಬನ ಮೇಲೆ ಒಬ್ಬನನ್ನು ಬಿಡುತ್ತಿದ್ದ. ಅವರ ಊಟ ಮುಖ್ಯವಾಗಿ ಬಾರ್ಲಿ ಮತ್ತು ಕಾಳು. ಊರಿನವರು ಅವರನ್ನು ‘ಬಾರ್ಲಿ ತಿನ್ನೋರು’ ಎಂದು ಹಂಗಿಸುತ್ತಿದ್ದರಂತೆ. ಮುದ್ದೆ ಉಂಡು ಬೆಂಗಳೂರಿಗೆ ಹೋದ ನಮಗೆ ಈ ಹಂಗಿನ ಮಾತು ಹೊಸದೇನಲ್ಲ.

ಸ್ಪಾರ್ಟಕಸ್ ನಿಜವಾಗಿ ಇದ್ದ ಮನುಷ್ಯ. ಕ್ರಿಸ್ತಪೂರ್ವ 73ರಲ್ಲಿ ಕಾಪುವಾ ಎಂಬ ಊರಿನ ಅಂಥ ಗರಡಿಯೊಂದರಿಂದ ಸುಮಾರು 70 ಜನ ತಪ್ಪಿಸಿಕೊಂಡರು. ಅವರ ಕೈಗೆ ಸಿಕ್ಕ ಆಯುಧ ಅಡುಗೆಮನೆಯ ಕತ್ತಿ ಮತ್ತು ಮಾಂಸ ಸುಡುವ ಕಂಬಿಗಳು. ಆ 70 ಜನರ ಹಿಂದೆ ಸಾವಿರ ಸಾವಿರ ಗುಲಾಮರು ಬಂದು ಸೇರಿದರು, ರೋಮಿನ ಸೈನ್ಯಗಳು ಒಂದಾದ ಮೇಲೊಂದು ಸೋತವು. ಕ್ರಿಸ್ತಪೂರ್ವ 71ರಲ್ಲಿ ಕ್ರಾಸಸ್ ಎಂಬ ಶ್ರೀಮಂತ ಸೇನಾಪತಿ ದಂಗೆಯನ್ನು ಮುಗಿಸಿದ. ಸೆರೆಸಿಕ್ಕ 6000 ಜನರನ್ನು ಕಾಪುವಾದಿಂದ ರೋಮ್‌ವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೆ ಏರಿಸಿದ. ಆ ದಾರಿಯ ಉದ್ದ ಹೆಚ್ಚುಕಡಿಮೆ ನಮ್ಮ ಹಾಸನದಿಂದ ಬೆಂಗಳೂರಿಗೆ ಇರುವಷ್ಟು. ನಾನು ಲೆಕ್ಕ ಹಾಕಿ ನೋಡಿದೆ. ಸಮನಾಗಿ ನೆಟ್ಟಿದ್ದರೆ ಸುಮಾರು 30 ಮೀಟರಿಗೆ ಒಬ್ಬ. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ಎಂದು ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಲೈಟುಕಂಬ ಎಣಿಸುತ್ತೀರಲ್ಲ, ಒಂದೊಂದು ಕಂಬಕ್ಕೂ ಒಬ್ಬ ಮನುಷ್ಯ ಎಂದುಕೊಳ್ಳಿ. ನನಗೆ ಇಡೀ ಧಾರಾವಾಹಿಯ ರಕ್ತಕ್ಕಿಂತ ಈ ಲೆಕ್ಕವೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾವು ಇದನ್ನು ನೋಡಿದ್ದು ಬಿ.ಇ. ಓದುವಾಗ, ಹಾಸ್ಟೆಲಿನಲ್ಲಿ. ಹಾರ್ಡ್ ಡಿಸ್ಕ್ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ಒಂದು ಲ್ಯಾಪ್‌ಟಾಪ್, ಎಂಟು ಜನ. ಒಬ್ಬ ಗೆಳೆಯ ತಲೆ ಹಾರುವ ದೃಶ್ಯವನ್ನು ಹಿಂದಕ್ಕೆ ತಂದು ಮೂರು ಸಲ ನೋಡುತ್ತಿದ್ದ. ಇನ್ನೊಬ್ಬ “ಗ್ರಾಫಿಕ್ಸ್ ಕಣೋ ಅದೆಲ್ಲ” ಎಂದು ತಾಂತ್ರಿಕ ವಿವರಣೆ ಕೊಡುತ್ತಿದ್ದ. ಅರಕಲಗೂಡು ಕಡೆಯ ಒಬ್ಬನಿದ್ದ, ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು. ಹಬ್ಬದಲ್ಲಿ ಕುರಿ ಕುಯ್ಯುವಾಗ ಕಾಲು ಹಿಡಿದು ಗೊತ್ತಿದ್ದವನು. ಅವನು ಮೊದಲ ದಿನವೇ “ರಕ್ತ ಹಿಂಗೆ ಚಿಮ್ಮಲ್ಲ ಕಣ್ರೋ, ಇವ್ರು ಯಾವತ್ತೂ ನೋಡಿಲ್ಲ” ಎಂದು ಎದ್ದು ಹೋದ. ಎಂಟು ಜನರಲ್ಲಿ ರಕ್ತ ಕಂಡವನು ಅವನೊಬ್ಬನೇ, ಬೇಡವೆಂದವನೂ ಅವನೊಬ್ಬನೇ.

ಆ ಧಾರಾವಾಹಿಯಲ್ಲಿ ಒಂದು ವಿಚಿತ್ರ ಇದೆ. ಅಖಾಡದ ಸುತ್ತ ಕೂತು ‘ಕೊಲ್ಲು, ಕೊಲ್ಲು’ ಎಂದು ಕೂಗುವ ರೋಮಿನ ಜನ ನಮಗೆ ಕೆಟ್ಟವರಾಗಿ ಕಾಣುತ್ತಾರೆ. ಆದರೆ ನಮ್ಮ ನಾಯಕ ಎದುರಾಳಿಯನ್ನು ಬೀಳಿಸಿದ ಕೂಡಲೇ ನಾವೂ ಹಾಸ್ಟೆಲ್ ಕೋಣೆಯಲ್ಲಿ ಅದನ್ನೇ ಕೂಗುತ್ತೇವೆ. ವಾರ್ಡನ್ ಬಂದು ಬಾಗಿಲು ಬಡಿಯುವಷ್ಟು ಜೋರಾಗಿ.

ಇದು ಇಂದಿನ ಸಂಗತಿಯಲ್ಲ. ಸುಮಾರು 1600 ವರ್ಷದ ಹಿಂದೆ ಸಂತ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಅಲಿಪಿಯಸ್ ಎಂಬ ಗೆಳೆಯನ ಕತೆ ಬರೆದಿದ್ದಾನೆ. ಆ ಹುಡುಗ ಕಾನೂನು ಓದಲು ರೋಮಿಗೆ ಹೋದವನು, ಕಾಳಗವೆಂದರೆ ಅಸಹ್ಯಪಡುವವನು. ಒಂದು ದಿನ ಸಹಪಾಠಿಗಳು ಬಲವಂತವಾಗಿ ಎಳೆದುಕೊಂಡು ಹೋದರು. ಮೈ ಇಲ್ಲಿದ್ದರೂ ಮನಸ್ಸು ಇರುವುದಿಲ್ಲ ಎಂದು ಅವನು ಕಣ್ಣು ಮುಚ್ಚಿ ಕೂತ. ಕಿವಿ ಮುಚ್ಚಿಕೊಳ್ಳಲಿಲ್ಲ. ಒಬ್ಬ ಬಿದ್ದಾಗ ಜನ ಹೋ ಎಂದು ಕೂಗಿದರು, ಏನಾಯಿತೋ ನೋಡೋಣ ಎಂದು ಕಣ್ಣು ಬಿಟ್ಟ. ಆಮೇಲೆ ಕಣ್ಣು ಕೀಳಲಾಗಲಿಲ್ಲ. ಮುಂದೆ ತಾನೇ ಹೋಗುವುದಷ್ಟೇ ಅಲ್ಲ, ಬೇರೆಯವರನ್ನೂ ಎಳೆದುಕೊಂಡು ಹೋಗುವವನಾದ. ಅವನನ್ನು ಕೆಡಿಸಿದ್ದು ರಕ್ತಕ್ಕಿಂತ ಮೊದಲು ಜನರ ಕೂಗು, ಗಮನಿಸಿ. ಕ್ರಿಸ್ತಶಕ 59ರಲ್ಲಿ ಪಾಂಪೆಯಲ್ಲಿ ಕಾಳಗ ನೋಡಲು ಬಂದ ಎರಡು ಊರಿನ ಪ್ರೇಕ್ಷಕರೇ ಹೊಡೆದಾಡಿ ಹೆಣಗಳು ಬಿದ್ದವು. ರೋಮಿನ ಸೆನೆಟ್ ಆ ಊರಿನಲ್ಲಿ ಹತ್ತು ವರ್ಷ ಇಂಥ ಆಟವನ್ನೇ ನಿಷೇಧಿಸಿತು. ತಾಲ್ಲೂಕು ಮಟ್ಟದ ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಿಂಸೆ ನೋಡುವುದು ಹೊರಗಿನಿಂದ ಬಂದ ಚಟವೇ? ಹಾಗೆ ಹೇಳಿದರೆ ಹಳೇಬೀಡಿನ ಗೋಡೆಗಳು ನಗುತ್ತವೆ. ಈ ಶಾಲೆಯಿಂದ ಪ್ರವಾಸ ಹೋದವರೆಲ್ಲ ಅಲ್ಲಿ ಚಕ್ರವ್ಯೂಹ ನೋಡಿದ್ದೇವೆ. ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನನ್ನು ನೋಡಿದ್ದೇವೆ. ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದ ಗರುಡಗಂಬದಲ್ಲಿ, ಎರಡನೇ ಬಲ್ಲಾಳ ಸತ್ತಾಗ ಅವನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಪರಿವಾರದವರು ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಶಿಲ್ಪಗಳಿವೆ. ನಮ್ಮ ಎಷ್ಟೋ ಊರುಗಳ ಕೆರೆ ಏರಿ ಮೇಲೆ ವೀರಗಲ್ಲುಗಳಿವೆ. ಹೊಳೆನರಸೀಪುರದ ದೇವರೇ ನರಸಿಂಹಸ್ವಾಮಿ. ನಮ್ಮ ಅಜ್ಜಿಯರು ಹಿಂಸೆಯ ಕತೆ ಹೇಳದೆ ನಮ್ಮನ್ನು ಮಲಗಿಸಿದವರಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ನನಗೆ ಅದು ಹೊಳೆದದ್ದು ನಮ್ಮೂರ ‘ಕುರುಕ್ಷೇತ್ರ’ ನಾಟಕದಿಂದ. ಪಾತ್ರಕ್ಕೆ ಇಷ್ಟೆಂದು ದುಡ್ಡು ಕಟ್ಟಿ, ಎರಡು ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಬೈಗುಳ ತಿಂದು, ಕೊನೆಗೆ ಸೀನರಿ ಕಟ್ಟಿ ಬೆಳಗಿನವರೆಗೆ ಆಡುವ ನಾಟಕ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಭಿಮನ್ಯುವಿನ ಪಾತ್ರ ಮಾಡಿದವರು ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಕೇರಿಯ ಒಬ್ಬ ಅಣ್ಣ. ರಾತ್ರಿ ಎರಡೂವರೆಯ ಹೊತ್ತಿಗೆ ಅಭಿಮನ್ಯು ಬಿದ್ದ. ಮುಂದೆ ಅಮ್ಮನ ತೊಡೆ ಮೇಲೆ ಮಲಗಿದ್ದ ಅವರ ನಾಲ್ಕು ವರ್ಷದ ಮಗಳು ಎಚ್ಚರಗೊಂಡು “ಅಪ್ಪಯ್ಯಾ” ಎಂದು ಚೀರಿ ರಂಗಕ್ಕೆ ಓಡಿಬಿಟ್ಟಳು. ಹಾರ್ಮೋನಿಯಂ ನಿಂತಿತು. ಸತ್ತ ಅಭಿಮನ್ಯು ಎದ್ದು ಕೂತು, ಕಿರೀಟ ಸರಿಮಾಡಿಕೊಂಡು, “ಏನಿಲ್ಲ ಮಗಾ, ಇಲ್ಲೇ ಅವ್ನೆ ನೋಡು ಅಪ್ಪ” ಎಂದು ಕೆನ್ನೆ ಸವರಿ, ಮಗುವನ್ನು ಅಮ್ಮನ ಕೈಗೆ ಕೊಟ್ಟು, ಮತ್ತೆ ಮೊದಲಿದ್ದ ಜಾಗದಲ್ಲೇ ಸತ್ತ. ಜನ ನಕ್ಕರು. ಆಮೇಲೆ ಸುಭದ್ರೆ ಹಾಡು ಎತ್ತಿದಾಗ ನಕ್ಕವರೇ ಹೆಚ್ಚು ಅತ್ತರು.

ನಮ್ಮ ನಾಟಕದಲ್ಲಿ ಸಾಯುವವನು ಯಾರೆಂದು ಎಲ್ಲರಿಗೂ ಗೊತ್ತು. ಅವನ ಹೆಂಡತಿ ಇಲ್ಲೇ ಕೂತಿದ್ದಾಳೆ, ಬೆಳಗಾದರೆ ಅವನು ಗದ್ದೆಗೆ ನೀರು ತಿರುಗಿಸಲು ಹೋಗುತ್ತಾನೆ. ಮೊಬೈಲಿನಲ್ಲಿ ಸಾಯುವವನಿಗೆ ಹೆಸರೂ ಇರುವುದಿಲ್ಲ. ಅವನು ಬೀಳುವುದಕ್ಕೇ ಬಂದವನು.

ನಿಜವಾದ ಸಾವೂ ಹೀಗೆಯೇ ಹೆಸರಿಲ್ಲದೆ ನಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ಹಿರಿಯರಿಗೆ ನೆನಪಿರಬಹುದು, 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ನಿರ್ದೇಶಕ ಸಂಜಯ್ ಖಾನ್ ಕೂಡ ಸುಟ್ಟು ಬಹಳ ಕಾಲ ಆಸ್ಪತ್ರೆಯಲ್ಲಿದ್ದರು. ಮುಂದಿನ ವರ್ಷ ಅದು ದೂರದರ್ಶನದಲ್ಲಿ ಬಂತು. ಟಿಪ್ಪುವನ್ನು ತೋರಿಸಿದ ರೀತಿ ಸರಿಯೋ ತಪ್ಪೋ ಎಂದು ದೇಶವೇ ಜಗಳವಾಡಿತು, ವಿಷಯ ಕೋರ್ಟಿಗೂ ಹೋಯಿತು. ಆ ಜಗಳದ ಮಧ್ಯೆ ಸುಟ್ಟುಹೋದ ಕೆಲಸಗಾರರ ಮಾತು ಎಷ್ಟು ಬಂತು? ನಮ್ಮ ಕಾಲದ್ದನ್ನೇ ತೆಗೆದುಕೊಳ್ಳಿ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರದ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಆ ಹಾರುವ ದೃಶ್ಯವನ್ನು ಟಿ.ವಿ. ಚಾನೆಲ್‌ಗಳು ದಿನವೆಲ್ಲ ತಿರುಗಿಸಿ ತಿರುಗಿಸಿ ತೋರಿಸಿದವು. ನಾವು ನೋಡಿದೆವು, ವಾಟ್ಸಾಪಿನಲ್ಲಿ ಕಳಿಸಿದೆವು. ಅಖಾಡ ಬೇರೆ ಇನ್ನೆಲ್ಲಿದೆ?

ಈಗ ನನ್ನ ಕಸುಬಿನ ಒಂದು ಮಾತು. ಮೊಬೈಲಿನಲ್ಲಿ ವಿಡಿಯೋ ತೋರಿಸುವ ಆ್ಯಪ್‌ಗಳು ನೀವು ಎಲ್ಲಿ ನಿಲ್ಲಿಸಿದಿರಿ, ಎಲ್ಲಿ ಓಡಿಸಿದಿರಿ, ಎಲ್ಲಿ ಹಿಂದಕ್ಕೆ ತಂದಿರಿ ಎಂಬುದನ್ನು ದಾಖಲಿಸಿಕೊಳ್ಳಬಲ್ಲವು. ನಮ್ಮಂಥ ಎಂಜಿನಿಯರುಗಳು ಬರೆಯುವ ಪ್ರೋಗ್ರಾಮೇ ಅದು. ಯಾವುದನ್ನು ಜನ ಬಿಡದೆ ನೋಡುತ್ತಾರೋ ಅಂಥದ್ದೇ ಮುಂದಿನ ಸಾಲಿನಲ್ಲಿ ಬಂದು ಕೂರುತ್ತದೆ. ರೋಮಿನಲ್ಲಿ ಗಂಟಲು ಹರಿದುಕೊಳ್ಳಬೇಕಿತ್ತು, ಈಗ ಹೆಬ್ಬೆರಳು ಒಂದು ಸಲ ಎಳೆದರೆ ಸಾಕು. ರಾತ್ರಿ ಕಂಬಳಿಯೊಳಗೆ ಒಬ್ಬನೇ ನೋಡುತ್ತಿದ್ದೇನೆ ಎಂದು ಹುಡುಗ ಅಂದುಕೊಂಡಿರುತ್ತಾನೆ. ಅವನ ಕೂಗು ಎಣಿಕೆಗೆ ಸಿಕ್ಕಿರುತ್ತದೆ.

ಕಾನೂನು ಇದೆ. 2021ರ ನಿಯಮಗಳ ಪ್ರಕಾರ ಇಂಥ ಆ್ಯಪ್‌ಗಳು ಯಾವ ವಯಸ್ಸಿನವರಿಗೆ ಎಂದು ಗುರುತು ಹಾಕಬೇಕು, ಪೋಷಕರಿಗೆ ಬೀಗ ಹಾಕುವ ಸೌಲಭ್ಯ ಕೊಡಬೇಕು. ‘ಸ್ಪಾರ್ಟಕಸ್’ ವಯಸ್ಕರಿಗೆ ಮಾತ್ರ ಇರುವ ಧಾರಾವಾಹಿ, ಮಕ್ಕಳೇ, ನಿಮಗಲ್ಲ. ಮೊಬೈಲಿಗೆ ಈ ಬೀಗ ಹಾಕುವುದು ಹೇಗೆಂದು ಕೇಳುವ ತಂದೆ ತಾಯಿಯರಿಗೆ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಕೊಠಡಿಯಲ್ಲಿ ನಾನೇ ಹಾಕಿಕೊಡುತ್ತೇನೆ. ಆದರೆ ದೊಡ್ಡವರಾದ ಮಕ್ಕಳಿಗೆ ಬೀಗ ನಡೆಯುವುದಿಲ್ಲ. ನಿಷೇಧದಲ್ಲೂ ನನಗೆ ನಂಬಿಕೆ ಇಲ್ಲ. 1988ರಲ್ಲಿ ದೇಶವಿಭಜನೆಯ ಹಿಂಸೆಯನ್ನು ತೋರಿಸಿದ ಗೋವಿಂದ ನಿಹಲಾನಿಯವರ ‘ತಮಸ್’ ನಿಲ್ಲಿಸಬೇಕೆಂದು ಕೆಲವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಇಡೀ ಧಾರಾವಾಹಿಯನ್ನು ಕೂತು ನೋಡಿದರು, ಆಮೇಲೆ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟ್ ಕೂಡ ಪ್ರಸಾರಕ್ಕೆ ಅಡ್ಡಿಯಿಲ್ಲ ಎಂದಿತು. ನನಗೆ ಇಷ್ಟವಾದದ್ದು ಅವರು ಪೂರ್ತಿ ನೋಡಿದ್ದು. ನಮ್ಮ ಹುಡುಗರು ಪೂರ್ತಿ ನೋಡುವುದೇ ಇಲ್ಲ. ಹೊಡೆದಾಟದಿಂದ ಹೊಡೆದಾಟಕ್ಕೆ ಹಾರುತ್ತಾರೆ.

ಒಂದು ಕತೆ ನಮ್ಮ ಮಗ್ಗುಲಲ್ಲೇ ಇದೆ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರ ನಿಂತಿದೆ. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರು ನಿಂತಾಗ, ಸುಮ್ಮನೆ ಇಷ್ಟು ಜನ ಯಾಕೆ ಸಾಯಬೇಕೆಂದು ಮಂತ್ರಿಗಳು ಅಣ್ಣತಮ್ಮಂದಿರಿಗಷ್ಟೇ ಕಾಳಗ ಏರ್ಪಡಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಎರಡು ಸೈನ್ಯಗಳು ಪ್ರೇಕ್ಷಕರಾದವು. ಮೂರನೆಯದರಲ್ಲಿ ಬಾಹುಬಲಿ ಅಣ್ಣನನ್ನು ಮೇಲೆತ್ತಿದ. ನೆಲಕ್ಕೆ ಅಪ್ಪಳಿಸಬಹುದಿತ್ತು, ಮೆಲ್ಲಗೆ ಇಳಿಸಿದ, ರಾಜ್ಯ ಬಿಟ್ಟು ಹೋದ. ಸುತ್ತ ನಿಂತು ನೋಡುತ್ತಿದ್ದ ಸಿಪಾಯಿಗಳಿಗೆ ಏನನ್ನಿಸಿರಬಹುದು? ‘ಛೆ, ಮಜಾ ಕೆಟ್ಟಿತು’ ಎಂದವರೂ ಇದ್ದಿರಬಹುದು. ತಾವು ಇವತ್ತು ಸಾಯಲಿಲ್ಲವಲ್ಲ ಎಂದು ಊರ ಕಡೆ ಹೆಜ್ಜೆ ಹಾಕಿದವರೇ ಹೆಚ್ಚಿರಬೇಕು.

ಹೋದ ತಿಂಗಳು ಪೂರ್ವಭಾವಿ ಸಭೆಗೆ ಬಂದಾಗ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ಐ.ಟಿ.ಐ. ಮುಗಿಸಿರುವ ಮಗ ರಾತ್ರಿಯೆಲ್ಲ ಇದನ್ನೇ ನೋಡುತ್ತಾನೆ, ಏನು ಮಾಡಲಿ ಎಂದು ಕೇಳಿದ್ದರು. ಬೈಬೇಡಿ, ನೀವು ನೋಡುವುದೂ ಬೇಡ, ಕತೆ ಹೇಳಪ್ಪ ಅನ್ನಿ ಎಂದಿದ್ದೆ. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕರು. ಅವರೆಕಾಯಿ ಸುಲಿಯುತ್ತ ಕೇಳಿದರಂತೆ. ಹುಡುಗ ಮೊದಲು ಮುಖ ಸಿಂಡರಿಸಿಕೊಂಡು, ಆಮೇಲೆ ಕೂತು, ಕಾಪುವಾ, ಗರಡಿ, ಅಡುಗೆಮನೆ ಕತ್ತಿ ಎಲ್ಲವನ್ನೂ ಹೇಳಿದನಂತೆ. ನಡುವೆ ಇವರು, “ಅದ್ಸರಿ, ಅವ್ನ ಹೆಂಡ್ತೀನೂ ಹಿಡ್ಕೊಂಡೋಗಿದ್ರಲ್ಲ, ಆಯಮ್ಮ ಏನಾದ್ಲು?” ಎಂದು ಕೇಳಿದ್ದಾರೆ. ಹುಡುಗನಿಗೆ ಗೊತ್ತಿರಲಿಲ್ಲ. ಆ ಭಾಗವನ್ನೆಲ್ಲ ಓಡಿಸಿಬಿಟ್ಟಿದ್ದನಂತೆ. ಅವತ್ತು ರಾತ್ರಿ ಹಿಂದಕ್ಕೆ ಹೋಗಿ ಅದನ್ನು ಹುಡುಕಿ ನೋಡಿ, ಬೆಳಿಗ್ಗೆ ಹಾಲು ಕರೆಯುವಾಗ ಬಂದು ಅಮ್ಮನಿಗೆ ಹೇಳಿದನಂತೆ.